ಗೇರಿನ ಫಾರ್ವರ್ಡು, ಕ್ಲಚ್ಚಿನ ಹಳೆ ಜಗಳ

ಹುಬ್ಬಳ್ಳಿ ನವನಗರದ ಮಾಮಾ ರಾತ್ರಿ ಮನೆಯವರ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. "ಕಾರಿನ ಫೈನಲ್ ಡ್ರೈವ್ ಬದಲಿಸಿ. ರೇಸ್ ಕಾರಿನ ಪಿಕಪ್ ಸಿಗುತ್ತದೆ, ಮೈಲೇಜೂ ಹೆಚ್ಚುತ್ತದೆ. ಕಂಪನಿಗಳು ಮುಚ್ಚಿಟ್ಟ ಗುಟ್ಟು!" ಅದರ ಕೆಳಗೆ ಮಾಮಾ: "ನಾ ಮೊದಲಿಂದ ಹೇಳ್ತಿದ್ದೆ. ನಾಳೆನೇ ಗ್ಯಾರೇಜಿಗೆ ಒಯ್ಯುತ್ತೇನೆ."

ಕಾರು ಐದನೇ ಗೇರಿನಲ್ಲಿ ಎಳೆಯುವುದಿಲ್ಲ ಎಂಬುದು ಅವರ ಹಳೆ ತಕರಾರು. ಫೈನಲ್ ಡ್ರೈವ್ ಎಂದರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ನಡುವಿನ ಕೊನೆಯ ಹಲ್ಲುಗಾಲಿ ಜೋಡಿ, ಯಾವ ಗೇರಿನಲ್ಲಿದ್ದರೂ ಎಳೆತ ಅದರ ಮೂಲಕವೇ ಹೋಗುತ್ತದೆ.

ದೊಡ್ಡಣ್ಣ: "ಯಾರು ಬರೆದದ್ದು? ಯಾವ ಕಾರಿನದು? ಹಲ್ಲಿನ ಲೆಕ್ಕ ಎಲ್ಲಿ?"

ಧಾರವಾಡದ ದೊಡ್ಡಪ್ಪ: "ರಸ್ತೆ ಇರೋದು ಊರು ಮುಟ್ಟಲಿಕ್ಕೆ. ರೇಸ್ ಯಾಕೆ ಬೇಕು? ಬೈಪಾಸಿನಲ್ಲಿ ಸಾವಕಾಶ ಹೋಗ್ರಿ."

ಗದಗಿನ ಚಿಗವ್ವನ ಮಗ: "ಅಜ್ಜನ ಅಂಬಾಸಿಡರ್ ನೆನಪಾಯ್ತು! ಸ್ಟೇರಿಂಗ್ ಪಕ್ಕದಲ್ಲೇ ಗೇರು. ಅಣ್ಣಿಗೇರಿ ದಾಟಿದ ಮೇಲೆ ನಾಲ್ಕಕ್ಕೆ ಹಾಕಿದರೆ ಗದಗಿನವರೆಗೂ ಅದೇ. ಫೋಟೋ ಯಾರ ಹತ್ತಿರ ಇದೆ?"

ಮಾಮಾ ದುಡ್ಡು ಸುರಿಯಲು ಹೊರಟಿದ್ದರು. ಸುಮ್ನೆ ಇರಲು ಆಗಲಿಲ್ಲ. ಲೆಕ್ಕ ಹಾಕಿ ಕಳಿಸಿದೆ.

"ಮಾಮಾ, ಟೈರಿನ ಸುತ್ತಳತೆ 1.8 ಮೀಟರ್, ಐದನೇ ಗೇರಿನ ಅನುಪಾತ 0.8, ಫೈನಲ್ ಡ್ರೈವಿನದು 4 ಎಂದುಕೊಳ್ಳಿ. ಎರಡನ್ನೂ ಗುಣಿಸಿದರೆ 3.2, ಅಂದರೆ ಚಕ್ರ ಒಂದು ಸುತ್ತು ಹೋಗಲು ಎಂಜಿನ್ 3.2 ಸುತ್ತು ತಿರುಗಬೇಕು. ಗಂಟೆಗೆ 100 ಕಿ.ಮೀ. ಹೋಗುವಾಗ ಎಂಜಿನ್ ನಿಮಿಷಕ್ಕೆ ಸುಮಾರು 2,960 ಸುತ್ತು ತಿರುಗುತ್ತದೆ. ಫೈನಲ್ ಡ್ರೈವ್ 4.4 ಮಾಡಿದರೆ ಅದು 3,260 ಆಗುತ್ತದೆ. ಚಕ್ರಕ್ಕೆ ಎಳೆತ ಶೇ 10 ಜಾಸ್ತಿ, ನಿಜ. ಆದರೆ ಎಲ್ಲ ಗೇರೂ ಒಟ್ಟಿಗೇ ಗಿಡ್ಡ ಆಗುತ್ತವೆ, ಅಂದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ತಿರುಗಬೇಕು. ಹೊರಟ ಕೂಡಲೇ ಎರಡನೇ ಗೇರು ಕೇಳುತ್ತದೆ. ಹೈವೇನಲ್ಲಿ ಸದ್ದು ಜಾಸ್ತಿ, ಪೆಟ್ರೋಲೂ ಜಾಸ್ತಿ. ಮೈಲೇಜು ಹೆಚ್ಚೋದು ಎಲ್ಲಿಂದ?"

ದೊಡ್ಡಣ್ಣ: "ಮತ್ತೆ ರೇಸಿನವರು ಯಾಕೆ ಬದಲಿಸುತ್ತಾರೆ?"

ಕೇಳಬೇಕಾದ ಪ್ರಶ್ನೆ ಅದೇ. ರೇಸಿನವರಿಗೆ ಮುಖ್ಯ ಗೇರುಗಳ ನಡುವಿನ ಅಂತರ. ಎರಡನೇ ಗೇರಿನ ಅನುಪಾತ 1.9, ಮೂರನೇದರದು 1.25 ಇದ್ದರೆ 6,000 ಸುತ್ತಿನಲ್ಲಿ ಗೇರ್ ಬದಲಿಸಿದಾಗ ಎಂಜಿನ್ 3,950ರ ಹತ್ತಿರ ಬೀಳುತ್ತದೆ, ದಮ್ಮು ಕಳೆದುಕೊಳ್ಳುತ್ತದೆ. ಮೂರನೇದು 1.5 ಇದ್ದರೆ 4,740ರಲ್ಲೇ ನಿಲ್ಲುತ್ತದೆ. ಟಾಪ್ ಗೇರನ್ನು ಆ ಟ್ರ್ಯಾಕಿನ ಉದ್ದನೆಯ ನೇರ ರಸ್ತೆ ನೋಡಿ ಆರಿಸುತ್ತಾರೆ. ದೆಹಲಿ ಹತ್ತಿರದ ಬುದ್ಧ ರೇಸ್ ಸರ್ಕ್ಯೂಟಿನಲ್ಲಿ ಅಂಥ ರಸ್ತೆ ಒಂದು ಕಿಲೋಮೀಟರಿಗೂ ಉದ್ದ. ಕೊಯಮತ್ತೂರಿನ ಕರಿ ಟ್ರ್ಯಾಕ್ ಚಿಕ್ಕದು. ಒಂದಕ್ಕೆ ಹೊಂದಿದ ಗೇರು ಇನ್ನೊಂದಕ್ಕೆ ಹೊಂದುವುದಿಲ್ಲ. ರೇಸ್ ಕಾರಿನ ಮೊದಲನೇ ಗೇರು ಬಹಳ ಸಲ ಉದ್ದ ಇರುತ್ತದೆ, ಅಂದರೆ ನಿಧಾನ ಹೋಗಲು ಅಲ್ಲ, ವೇಗಕ್ಕೆ ಹೊಂದಿಸಿದ್ದು, ಆ ಕಾರು ಗದ್ದಲದಲ್ಲಿ ತೆವಳಬೇಕಿಲ್ಲವಲ್ಲ. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನಲ್ಲಿ ಅದನ್ನು ಓಡಿಸಿದರೆ ಕ್ಲಚ್ ಸುಟ್ಟೇ ಹೋಗುತ್ತದೆ.

ಇಷ್ಟನ್ನೂ ಬರೆದೆ. ಮಾಮಾ ಓದಿದ್ದು ಕೊನೆಯ ಸಾಲು ಮಾತ್ರ.

ಮಾಮಾ: "ಕ್ಲಚ್ ಸುಡೋದು ದೊಡ್ಡಣ್ಣನಿಗೇ ಗೊತ್ತು. ಮದುವೆಗೆ ಅಂತ ನನ್ನ ಕಾರು ಒಯ್ದಿದ್ದ."

ದೊಡ್ಡಣ್ಣ: "ರಿಪೇರಿಗೆ ದುಡ್ಡು ಕೊಟ್ಟಿದ್ದೇನೆ ಮಾಮಾ."

ಮಾಮಾ: "ಅರ್ಧ."

ದೊಡ್ಡಪ್ಪ: "ಹಿರಿಯರ ಎದುರು ಹೀಗೆ ಲೆಕ್ಕ ಕೇಳಬಾರದು, ಹೇಳಲೂಬಾರದು."

ನಡುವೆ ಅಂಬಾಸಿಡರ್ ಫೋಟೋ ಬಂತು. ಬಾನೆಟ್ ಮೇಲೆ ಕುಂತವರು ಯಾರು ಎಂದು ಇಪ್ಪತ್ತು ಮೆಸೇಜು.

ಕೊನೆಗೆ ಮಾಮಿ ಬಂದರು: "ಧಾರವಾಡದ ಏರಿನಲ್ಲೂ ಇವರು ಐದನೇದರಲ್ಲೇ ಇಡ್ತಾರೆ. ಗಾಡಿ ನಡುಗುತ್ತೆ. ಇಳಿಸ್ರಿ ಅಂದ್ರೆ ಕೇಳಲ್ಲ."

ಐದನೇ ಗೇರು ಇರೋದು ಸಪಾಟು ರಸ್ತೆಯಲ್ಲಿ ಪೆಟ್ರೋಲ್ ಉಳಿಸಲು. ಏರಿನಲ್ಲಿ ನಾಲ್ಕಕ್ಕೋ ಮೂರಕ್ಕೋ ಇಳಿಸಬೇಕು. ಮಾಮಾಗೆ ಬೇರೆಯಾಗಿ ಬರೆದೆ: "ಗೇರ್‌ಬಾಕ್ಸ್ ಬಿಚ್ಚಿಸಬೇಡ್ರಿ. ನಾಳೆ ಏರು ಬಂದಾಗ ನಾಲ್ಕಕ್ಕೆ ಹಾಕಿ ನೋಡ್ರಿ."