ಲೈಫ್‌ಲಿಂಕ್‌ಗೆ ‘ಜೀವ ಹೀರುವಿಕೆ’, ಡ್ಯಾಮೇಜ್‌ಗೆ ‘ಹಾನಿ’: ಈ ಪದಗಳು ಹೊಂದುತ್ತವೆಯೇ?

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ನಿಯಮಗಳನ್ನು ಕನ್ನಡದಲ್ಲಿ ವಿವರಿಸಲು ಹೊರಟರೆ ಮೂರು ಮಾತುಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ: ಡ್ಯಾಮೇಜ್, ಲೈಫ್ ಲಾಸ್ (ಆಟಗಾರರ ಜೀವದ ಅಂಕ ಇಳಿಯುವುದು), ಲೈಫ್‌ಲಿಂಕ್ (ಜೀವಿ ಎಷ್ಟು ಡ್ಯಾಮೇಜ್ ಮಾಡಿತೋ ಅಷ್ಟು ಜೀವ ಅದನ್ನು ಆಡಿಸುವವರಿಗೆ ಏರುವ ಸಾಮರ್ಥ್ಯ). ‘ಹಾನಿ’, ‘ಜೀವನಷ್ಟ’, ‘ಜೀವ ಹೀರುವಿಕೆ’ ಎಂದು ಬರೆದುಬಿಡುವುದು ಸುಲಭ. ಆದರೆ ಈ ಪದಗಳನ್ನು ನಂಬಿ ಆಡಲು ಕೂತವರು ಲೆಕ್ಕ ತಪ್ಪುತ್ತಾರೆ. ಎಲ್ಲಿ, ಯಾಕೆ ತಪ್ಪುತ್ತಾರೆ ಎಂದು ಬಿಡಿಸಿ ಹೇಳಿ, ಇವಕ್ಕಿಂತ ಒಳ್ಳೆಯ ಪದಗಳನ್ನು ಬಲ್ಲವರಿಂದ ಕೇಳುತ್ತಿದ್ದೇನೆ.

ಮೊದಲು ‘ಹೀರು’. ಒಬ್ಬರಿಂದ ಹೋದದ್ದು ಇನ್ನೊಬ್ಬರಿಗೆ ಬಂತು ಎಂಬ ಅರ್ಥ ಈ ಕ್ರಿಯಾಪದದಲ್ಲೇ ಇದೆ. ಲೈಫ್‌ಲಿಂಕ್ ಹಾಗೆ ನಡೆಯುವುದಿಲ್ಲ. ಲೈಫ್‌ಲಿಂಕ್ ಇರುವ 5/5 (ಬಲ 5, ತಾಳಿಕೆ 5) ಜೀವಿಯೊಂದು ಆಕ್ರಮಣ ಮಾಡಿತು, ಎದುರಾಳಿ 2/2 ಜೀವಿಯಿಂದ ತಡೆದರು ಎನ್ನಿ. ಆ 2/2 ಸಾಯಲು ಎರಡೇ ಸಾಕು. ಆದರೂ ಅದರ ಮೇಲೆ ಬೀಳುವ ಡ್ಯಾಮೇಜ್ 5, ದಾಳಿ ಮಾಡಿದವರಿಗೆ ಏರುವ ಜೀವವೂ 5. ಟ್ರ್ಯಾಂಪಲ್ (ತಡೆದ ಜೀವಿಯನ್ನು ಕೊಂದು ಮಿಕ್ಕ ಡ್ಯಾಮೇಜ್ ಎದುರಾಳಿಗೆ ತಲುಪುವ ಸಾಮರ್ಥ್ಯ) ಕೂಡ ಇದ್ದು, ಎರಡನ್ನು ತಡೆದ ಜೀವಿಗೂ ಮೂರನ್ನು ಎದುರಾಳಿಗೂ ಹಂಚಿದರೆ ಆಗಲೂ ಏರಿಕೆ 5. ಅದೇ ಜೀವಿಗೆ ಇನ್ಫೆಕ್ಟ್ ಇದ್ದು ಯಾರೂ ತಡೆಯದಿದ್ದರೆ ಎದುರಾಳಿಯ ಜೀವ ಒಂದೂ ಇಳಿಯುವುದಿಲ್ಲ. ಅವರಿಗೆ 5 ವಿಷದ ಗುರುತುಗಳು ಬೀಳುತ್ತವೆ, ಈ ಕಡೆ ಮಾತ್ರ 5 ಜೀವ ಏರುತ್ತದೆ. ಡ್ಯಾಮೇಜನ್ನೇ ಪೂರ್ತಿ ತಡೆಗಟ್ಟುವ ಕಾರ್ಡ್ ಬಂದರೆ ಏರಿಕೆ ಸೊನ್ನೆ. ಅಂದರೆ ಲೈಫ್‌ಲಿಂಕ್ ಅಳೆಯುವುದು ಮಾಡಿದ ಡ್ಯಾಮೇಜನ್ನು, ಎದುರಿನವರು ಕಳೆದುಕೊಂಡದ್ದನ್ನಲ್ಲ.

‘ಎದುರಾಳಿ 2 ಜೀವ ಕಳೆದುಕೊಳ್ಳಲಿ, ನೀವು 2 ಜೀವ ಗಳಿಸಿ’ ಎನ್ನುವ ಬೇರೆ ಕಾರ್ಡ್‌ಗಳಿವೆ. ಆಟಗಾರರು ಅದನ್ನು ಡ್ರೈನ್ ಎನ್ನುತ್ತಾರೆ. ಅಲ್ಲಿ ಡ್ಯಾಮೇಜ್ ಎಂಬುದೇ ಇಲ್ಲ, ಡ್ಯಾಮೇಜ್ ತಡೆಗಟ್ಟುವ ಕಾರ್ಡ್ ಅದನ್ನು ನಿಲ್ಲಿಸಲಾರದು. ‘ಹೀರು’ ಎಂಬ ಮಾತು ಇದಕ್ಕೇ ಮೀಸಲಾಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡಕ್ಕೂ ಒಂದೇ ಪದ ಬಳಸಿದರೆ ಯಾವುದನ್ನು ಯಾವುದರಿಂದ ತಡೆಯಬಹುದು ಎಂಬುದೇ ಅಳಿಸಿಹೋಗುತ್ತದೆ.

ಇನ್ನು ‘ಹಾನಿ’. ಜೀವಹಾನಿ, ಪ್ರಾಣಹಾನಿ ಎಂದರೆ ನಮಗೆ ಜೀವ ಹೋಯಿತೆಂದೇ ಅರ್ಥ. ಆಟದಲ್ಲಿ ಡ್ಯಾಮೇಜ್ ಬೇರೆ, ಜೀವ ಹೋಗುವುದು ಬೇರೆ. ಆಟಗಾರರ ಮೇಲೆ ಬಿದ್ದ ಡ್ಯಾಮೇಜಿನ ಫಲವಾಗಿ ಸಾಮಾನ್ಯವಾಗಿ ಜೀವ ಇಳಿಯುತ್ತದೆ. ಜೀವಿಯ ಮೇಲೆ ಬಿದ್ದದ್ದು ಅದರ ಮೇಲೆ ಗುರುತಾಗಿ ಉಳಿದು, ಜೀವಿ ಬದುಕಿದ್ದರೆ ಸರದಿಯ ಕೊನೆಯಲ್ಲಿ ಅಳಿಸಿಹೋಗುತ್ತದೆ. ಕಾರ್ಡ್ ಆಡಲು ಜೀವ ತೆತ್ತರೆ ಅದು ಡ್ಯಾಮೇಜ್ ಅಲ್ಲವೇ ಅಲ್ಲ. ಹೀಗಿರುವಾಗ ‘ಹಾನಿ’ಯ ಪಕ್ಕ ‘ಜೀವ’ ಬಂದ ಕೂಡಲೇ ಎರಡೂ ಕಲೆತುಹೋಗುತ್ತವೆ.

‘ಪೆಟ್ಟು’ ಬಳಸೋಣವೇ ಎಂದರೆ ಅಲ್ಲಿ ಎಣಿಕೆಯ ತೊಡಕು. ‘5 ಪೆಟ್ಟು’ ಎಂದರೆ ಕನ್ನಡದವರಿಗೆ ಐದು ಸಲ ಹೊಡೆದಂತೆ ಕೇಳಿಸುತ್ತದೆ, ಐದರ ಬಲದ ಒಂದು ಹೊಡೆತ ಎಂದಲ್ಲ. ಆಟದಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿದೆ. ‘ನೀವು ಜೀವ ಗಳಿಸಿದಾಗಲೆಲ್ಲ ಇದರ ಮೇಲೆ ಒಂದು +1/+1 ಗುರುತು ಇಡಿ’ ಎನ್ನುವ ಅಜಾನೀಸ್ ಪ್ರೈಡ್‌ಮೇಟ್‌ನಂಥ ಕಾರ್ಡ್ ನಿಮ್ಮ ಬಳಿ ಇದೆ ಎನ್ನಿ. ಲೈಫ್‌ಲಿಂಕ್ ಇರುವ ಒಂದೇ ಜೀವಿ ತನ್ನನ್ನು ತಡೆದ ಎರಡು ಜೀವಿಗಳ ಮೇಲೆ 3, 2 ಎಂದು ಹಂಚಿ ಹೊಡೆದರೆ ಗಳಿಕೆ ಒಂದೇ ಸಲ 5, ಇಡುವ ಗುರುತೂ ಒಂದೇ. ಲೈಫ್‌ಲಿಂಕ್ ಇರುವ ಎರಡು ಜೀವಿಗಳು ಒಂದೇ ಹೊತ್ತಿಗೆ 3 ಮತ್ತು 2 ಹೊಡೆದರೆ ಒಟ್ಟು ಅಷ್ಟೇ 5, ಆದರೆ ಗಳಿಕೆ ಎರಡು ಸಲ, ಗುರುತುಗಳೂ ಎರಡು. ಹಾಗಾಗಿ ಡ್ಯಾಮೇಜಿಗೆ ಎಣಿಸುವ ಪದ ಬೇಡ, ಅಳೆಯುವ ಪದ ಬೇಕು. ನನಗೆ ಸರಿ ಎನ್ನಿಸುತ್ತಿರುವುದು ‘ಘಾಸಿ’. ಘಾಸಿಯಾದವರು ಸಾಯಬಹುದು, ಚೇತರಿಸಿಕೊಳ್ಳಲೂಬಹುದು. ಜೀವಿಯ ಮೇಲೆ ಗುರುತಾಗಿ ಉಳಿದು ಸರದಿ ಮುಗಿದಾಗ ಮಾಯುವ ಡ್ಯಾಮೇಜಿಗೆ ಇದು ಹೇಳಿ ಮಾಡಿಸಿದಂತಿದೆ.

ಮೂರನೆಯ ತೊಡಕು ಕಾಲದ್ದು, ಸೋಲು ಗೆಲುವು ನಿಂತಿರುವುದು ಇಲ್ಲೇ. ‘ಘಾಸಿ ಮಾಡಿ ಜೀವ ಗಳಿಸುತ್ತದೆ’ ಎಂದಾಗ ‘ಮಾಡಿ’ ಎಂಬ ರೂಪವೇ ಮೊದಲೊಂದು, ಆಮೇಲೊಂದು ಎನ್ನುತ್ತದೆ. ನಿಮ್ಮ ಜೀವ 3 ಇದೆ. ಎದುರಾಳಿಯ ಎರಡು ಜೀವಿಗಳು ದಾಳಿ ಮಾಡಿವೆ. ಒಂದನ್ನು ಲೈಫ್‌ಲಿಂಕ್ ಇರುವ ನಿಮ್ಮ 4/4 ತಡೆದಿದೆ, ತಡೆಯಿಲ್ಲದ ಇನ್ನೊಂದರ ಬಲ 5. ಕಾಳಗದ ಘಾಸಿ ಎಲ್ಲರದ್ದೂ ಒಂದೇ ಹೊತ್ತಿಗೆ ಆಗುತ್ತದೆ, ಲೈಫ್‌ಲಿಂಕಿನ ಏರಿಕೆ ಆ ಘಾಸಿಯ ಫಲದಲ್ಲೇ ಸೇರಿದೆ. ಮೂರರಲ್ಲಿ ಐದು ಇಳಿದು ನಾಲ್ಕು ಏರಿ 2 ಉಳಿಯುತ್ತದೆ. ಸೊನ್ನೆಗೆ ಇಳಿದವರು ಸೋತರೇ ಎಂಬ ತಪಾಸಣೆ ಅದರ ನಂತರ, ಆದ್ದರಿಂದ ನೀವು ಉಳಿದಿರಿ. 2007ರಲ್ಲಿ ಈ ಸಾಮರ್ಥ್ಯಕ್ಕೆ ಲೈಫ್‌ಲಿಂಕ್ ಎಂಬ ಹೆಸರು ಬಂದಾಗ ಹೀಗಿರಲಿಲ್ಲ. ಘಾಸಿಯಾದ ಮೇಲೆ ಏರಿಕೆ ಬೇರೆಯಾಗಿ ಸ್ಟ್ಯಾಕಿಗೆ (ಜಾರಿಯಾಗಲು ಕಾದಿರುವ ಪರಿಣಾಮಗಳ ಸಾಲಿಗೆ) ಹೋಗುತ್ತಿತ್ತು, ಅದು ಜಾರಿಯಾಗುವ ಮೊದಲೇ ಇಂಥ ಆಟಗಾರರು ಸೋಲುತ್ತಿದ್ದರು. 2009ರ ನಿಯಮ ಬದಲಾವಣೆ ಇದನ್ನು ತಿದ್ದಿತು. 1994ರ ಸ್ಪಿರಿಟ್ ಲಿಂಕ್ ಕಾರ್ಡ್ ಇಂದಿಗೂ ಹಳೆಯ ಬಗೆಯದೇ. ಅದಕ್ಕೆ ‘ಘಾಸಿ ಮಾಡಿದಾಗಲೆಲ್ಲ’ ಎಂಬ ರೂಪ ಸರಿ, ಲೈಫ್‌ಲಿಂಕಿಗೆ ತಪ್ಪು.

ಫಸ್ಟ್ ಸ್ಟ್ರೈಕ್ (ಉಳಿದವಕ್ಕಿಂತ ಮೊದಲೇ ಹೊಡೆಯುವ ಸಾಮರ್ಥ್ಯ) ಬಂದರೆ ಈ ‘ಒಂದೇ ಹೊತ್ತು’ ಎರಡು ಹಂತಗಳಾಗಿ ಒಡೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ತಡೆಯಿಲ್ಲದ ದಾಳಿಕೋರ ಜೀವಿಗೆ ಅದಿದ್ದರೆ ಮೊದಲ ಹಂತದಲ್ಲೇ 5 ಬಿದ್ದು ನೀವು ಸೋತಿರಿ, ನಿಮ್ಮ 4/4 ಕೈ ಎತ್ತುವ ಹೊತ್ತೇ ಬರುವುದಿಲ್ಲ.

ಇಷ್ಟನ್ನೆಲ್ಲ ಗಮನದಲ್ಲಿಟ್ಟು ಹೊಸೆದ ವಾಕ್ಯ ಹೀಗಿದೆ: ‘ಈ ಜೀವಿ ಎಷ್ಟು ಘಾಸಿ ಮಾಡುವುದೋ, ಆ ಘಾಸಿಯ ಜೊತೆಗೇ, ಇದು ಯಾರ ಹತೋಟಿಯಲ್ಲಿದೆಯೋ ಅವರಿಗೆ ಅಷ್ಟು ಜೀವ ಏರುವುದು.’ ‘ಒಡೆಯರಿಗೆ’ ಎಂದು ಬರೆದರೆ ಚಿಕ್ಕದಾಗುತ್ತಿತ್ತು. ಆದರೆ ಕಾರ್ಡ್ ನಿಮ್ಮದಾಗಿದ್ದು ಎದುರಾಳಿ ಅದನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರೆ ಏರಿಕೆ ಅವರದು.

ಹೆಸರಿಗೆ ‘ಜೀವಕೊಂಡಿ’ ಎಂದಿಟ್ಟಿದ್ದೇನೆ. ಒಂದು ಜೀವಿಗೆ ಎರಡು ಕಡೆಯಿಂದ ಲೈಫ್‌ಲಿಂಕ್ ಬಂದರೂ ಏರಿಕೆ ದುಪ್ಪಟ್ಟಾಗದು. ಕೊಂಡಿ ಹಾಕಿದೆಯೋ ಇಲ್ಲವೋ, ಅಷ್ಟೇ ಮುಖ್ಯ. ಕಾಂಬ್ಯಾಟ್ ಡ್ಯಾಮೇಜಿಗೆ ‘ಕಾಳಗದ ಘಾಸಿ’ ಎಂದರೆ, ಜೀವಿಗಳೆರಡು ಕಾರ್ಡಿನ ಆದೇಶದಂತೆ ಹೊಡೆದಾಡುವ ಫೈಟ್‌ಗೆ ಬೇರೆ ಪದವೇ ಬೇಕು. ಅಲ್ಲಿಯೂ ಜೀವಕೊಂಡಿ ನಡೆಯುತ್ತದೆ, ಆದರೆ ಆ ಘಾಸಿ ಕಾಳಗದ ಲೆಕ್ಕಕ್ಕೆ ಸೇರದು. ‘ಜಟಾಪಟಿ’ ಹೊಂದೀತೇ? ‘5 ಘಾಸಿ’ ಎಂಬ ಪ್ರಯೋಗ ಕಿವಿಗೆ ಒಗ್ಗುತ್ತದೆಯೇ, ‘5ರಷ್ಟು ಘಾಸಿ’ ಎಂದೇ ಬರೆಯಬೇಕೇ? ಕಾರ್ಡಿನ ಮೇಲೆ ಜಾಗ ಕಡಿಮೆ. ಮೊದಲನೆಯದು ವ್ಯಾಕರಣಕ್ಕೂ ಒಪ್ಪಿದರೆ ಅದನ್ನೇ ಇಟ್ಟುಕೊಳ್ಳಬಹುದು.