ಪಿಎಚ್‌ಡಿ ಬಿಟ್ಟು ಡ್ರಿಲ್ ಕ್ಯಾಂಪಿಗೆ ಹೋಗ್ಲಾ? ಓದುಗರ ಸ್ಪಂದನ

ಹೋದ ಸಲ ಲಿಂಗಸುಗೂರು ಕಡೆಯ ಓದುಗರೊಬ್ರು ತಮ್ಮ ಸಮಸ್ಯೆ ಬರೆದಿದ್ರು. ವಯಸ್ಸು 28, ಅಪ್ಪ ಹಟ್ಟಿ ಗಣಿಯಲ್ಲಿ ದುಡಿದು ರಿಟೈರ್ ಆದವ್ರು. ಚಿನ್ನದ ಅದಿರಿನ ಬೆಣಚುಕಲ್ಲೊಳಗೆ ಸಿಕ್ಕಾಕೊಂಡಿರೋ ದ್ರವದ ಹನಿಗಳ ಮೇಲೆ ಪಿಎಚ್‌ಡಿ ಮಾಡ್ತಿದಾರೆ, ನಾಲ್ಕನೇ ವರ್ಷ. ಮುಂದಿನ ವರ್ಷ ಫೆಲೋಶಿಪ್ ಮುಗಿಯುತ್ತೆ, ಗೈಡ್ ಒಂದು ಡ್ರಾಫ್ಟ್ ನೋಡೋಕೆ ತಿಂಗಳುಗಟ್ಟಲೆ ತಗೋತಾರೆ. ನೆಲ ಕೊರೆದು ಖನಿಜ ಹುಡುಕೋ ಪ್ರೈವೇಟ್ ಎಕ್ಸ್‌ಪ್ಲೊರೇಶನ್ ಏಜೆನ್ಸಿಯಿಂದ ಆಫರ್ ಬಂದಿದೆ, ಮನೇಲಿ ಜಿಎಸ್‌ಐ (ಕೇಂದ್ರ ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ) ಪರೀಕ್ಷೆ ಬರಿ ಅಂತಾರೆ, ಇವರಿಗೋ ಪಾಠ ಮಾಡ್ಕೊಂಡು ಸಂಶೋಧನೆ ಮಾಡೋ ಆಸೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಭೂವಿಜ್ಞಾನಿ, ಮೈಸೂರು

ಮಗಳೇ, ಮೊದ್ಲು ವಯಸ್ಸಿನ ಲೆಕ್ಕ ನೋಡ್ಕೊಳಮ್ಮ. ಜಿಎಸ್‌ಐ ಸೇರೋಕೆ ಬರೆಯೋ ಯುಪಿಎಸ್‌ಸಿ ಜಿಯೋ-ಸೈಂಟಿಸ್ಟ್ ಪರೀಕ್ಷೆಗೆ ಜನರಲ್ ಕೆಟಗರಿಗೆ 32ರ ತನಕ ಅವಕಾಶ, ಮೀಸಲಾತಿ ಇದ್ರೆ ಇನ್ನೂ ಜಾಸ್ತಿ. ಅಂದ್ರೆ ಥೀಸಿಸ್ ಮುಗಿಸಿ ಬರೆದ್ರೂ ಬಾಗ್ಲು ತೆಗೆದೇ ಇರುತ್ತೆ. ಆದ್ರೆ ಸೀಟು ನಂಬಬೇಡ, ಒಂದು ವರ್ಷ ಕೈತುಂಬ ಕರೀತಾರೆ ಇನ್ನೊಂದು ವರ್ಷ ಬೆರಳೆಣಿಕೆ. ಸೆಲೆಕ್ಟ್ ಆದ್ರೆ ಟ್ರೇನಿಂಗ್ ಹೈದರಾಬಾದಲ್ಲಿ, ಫೀಲ್ಡ್ ಟ್ರೇನಿಂಗ್ ಸೆಂಟರ್ ಒಂದು ನಮ್ಮ ಚಿತ್ರದುರ್ಗದಲ್ಲೇ ಇದೆ. ದೇಶದ ಎಲ್ಲ ಕಡೆಯ ಹುಡುಗ್ರು ಅಲ್ಲಿ ಬಂದು ನಮ್ಮ ಧಾರವಾಡ ಶಿಲೆಗಳ ಮೇಲೆ ಮ್ಯಾಪಿಂಗ್ ಕಲೀತಾರೆ, ಮುದ್ದೆ ನುಂಗೋದನ್ನೂ ಕಲೀತಾರೆ.

ಆದ್ರೆ ಒಂದು ವಿಷ್ಯ ಯಾರೂ ಹೇಳಲ್ಲ. ಡಿಪಾರ್ಟ್‌ಮೆಂಟಲ್ಲಿ ಪ್ರಶ್ನೆ ನಿನ್ನದಲ್ಲ. ಎಫ್‌ಎಸ್‌ಪಿ (ಫೀಲ್ಡ್ ಸೀಸನ್ ಪ್ರೋಗ್ರಾಂ) ಅಂತ ಪ್ರತಿ ಫೀಲ್ಡ್ ಸೀಸನ್‌ಗೆ ಒಂದು ಐಟಂ, ಅಂದ್ರೆ ಒಂದು ಕೆಲಸ ಕೊಡ್ತಾರೆ, ಈ ವರ್ಷ ಚಿನ್ನ ಹುಡುಕ್ತಿದ್ದೋರಿಗೆ ಬರೋ ವರ್ಷ ಸುಣ್ಣದಕಲ್ಲು. ನನಗೆ ಅದು ಇಷ್ಟ ಆಯ್ತು, ಹತ್ತಾರು ತರದ ಕಲ್ಲು ನೋಡ್ದೆ. ಒಂದೇ ಹನಿ ಹಿಡ್ಕೊಂಡು ನಾಲ್ಕು ವರ್ಷ ಮೈಕ್ರೋಸ್ಕೋಪ್ ಮುಂದೆ ಕೂತಿರೋ ನಿನಗೆ ಹಿಡಿಸುತ್ತಾ ಅಂತ ನೀನೇ ಕೇಳ್ಕೋಬೇಕು.

ಮಂಡ್ಯದ ಲಿಥಿಯಂ ಕಥೆ ನೆನಪಿದ್ಯಾ? ಪೇಪರ್‌ನೋರು ಮೊದ್ಲು 14,100 ಟನ್ ಅಂತ ಕುಣಿದ್ರು, ಆಮೇಲೆ ಕೇಂದ್ರದ ಅಟಾಮಿಕ್ ಮಿನರಲ್ಸ್ ಇಲಾಖೆಯೋರು ಮರಳಗಾಲ-ಅಲ್ಲಾಪಟ್ಟಣ ಜಾಗದಲ್ಲಿ ಅಂದಾಜು 1,600 ಟನ್ ಅಂದ್ರು, ಅದೂ ಇನ್‌ಫರ್ಡ್, ಅಂದ್ರೆ ಇನ್ನೂ ಖಚಿತವಾಗದ ಲೆಕ್ಕದ ಕೆಟಗರಿಯಲ್ಲಿ. ಮಾರ್ಕೆಟ್ಟಲ್ಲಿ ಸಿಕ್ಕೋರೆಲ್ಲ ನನ್ನನ್ನ ಕೇಳಿದ್ದೇ ಕೇಳಿದ್ದು, ಉಳಿದಿದ್ದು ಎಲ್ಲೋಯ್ತು ಸಾರ್ ಅಂತ!

ಅಸಿಸ್ಟೆಂಟ್ ಪ್ರೊಫೆಸರ್, ಕೋಲಾರ ಜಿಲ್ಲೆ

ನಮ್ಮ ತಾತ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫಲ್ಲಿ ಇಳಿದೋರು, ಮೂರು ಕಿಲೋಮೀಟರ್‌ಗೂ ಆಳ ಇದ್ದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಬೀಗ ಬಿದ್ದಾಗ ನಾನು ಹೈಸ್ಕೂಲು. ನಿಮ್ಮ ಕಾಗದ ಓದಿ ಅದೇ ನೆನಪಾಯ್ತು. ಗಣಿ ಊರಲ್ಲಿ ಹುಟ್ಟಿದೋರಿಗೆ ಕಲ್ಲಿನ ಹುಚ್ಚು ಹತ್ತೋದು ಸಹಜ ಬಿಡಿ.

ಆದ್ರೆ ಪಾಠ ಮಾಡೋ ಕೆಲ್ಸ ಅಂದ್ರೆ ಏನು ಅಂತ ಕಣ್ಣು ಬಿಟ್ಟು ನೋಡಿ. ಜಿಯಾಲಜಿ ಇರೋ ಕಾಲೇಜುಗಳೇ ಕಮ್ಮಿ, ಪೋಸ್ಟ್ ಕರೆಯೋದು ಯಾವಾಗ ಅಂತ ದೇವರಿಗೇ ಗೊತ್ತು, ನಾನು ಆರು ವರ್ಷ ಅತಿಥಿ ಉಪನ್ಯಾಸಕನಾಗಿ ಎರಡು ಬಸ್ಸು ಬದಲಾಯಿಸಿ ಓಡಾಡಿದೀನಿ, ಬೇಸಿಗೆ ರಜಕ್ಕೆ ಸಂಬಳ ಇಲ್ಲ. ಇನ್ನೊಂದು, 2023ರ ಜುಲೈ 1ರಿಂದ ಯುಜಿಸಿಯೋರು ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ನೆಟ್, ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ ಅಂತ ಮಾಡಿಬಿಟ್ಟಿದಾರೆ. ನೀವು ಜೆಆರ್‌ಎಫ್‌ನೋರು (ನೆಟ್ ಬರೆದು ಫೆಲೋಶಿಪ್ ತಗೊಂಡೋರು) ಅನ್ಸುತ್ತೆ, ಹಾಗಿದ್ರೆ ನೆಟ್ ಆಗಲೇ ಕೈಯಲ್ಲಿದೆ. ಕೆಲಸ ಸಿಕ್ರೆ ಶುರುವಿನ ಬೇಸಿಕ್ 57,700, ಜಿಎಸ್‌ಐಲಿ 56,100, ಹೆಚ್ಚೂ ಕಮ್ಮಿ ಒಂದೇ. ವ್ಯತ್ಯಾಸ ಇರೋದು ಕಾಯೋದ್ರಲ್ಲಿ. ಈಗ ಎಸ್‌ಆರ್‌ಎಫ್ (ಅದೇ ಫೆಲೋಶಿಪ್‌ನ ಮುಂದಿನ ಹಂತ) ತಿಂಗಳಿಗೆ 42,000 ಬರ್ತಾ ಇದ್ಯಲ್ಲ, ಅದು ನಿಂತ ಮಾರನೇ ದಿನದಿಂದ ಎಷ್ಟು ತಿಂಗಳು ತಡ್ಕೋಬಹುದು ಅಂತ ಅಪ್ಪನ ಜೊತೆ ಕೂತು ಬರೆದು ನೋಡಿ. ನಾನು ಬರೀಲಿಲ್ಲ, ಅದಕ್ಕೇ ಹೇಳ್ತಿರೋದು.

ಬಳ್ಳಾರಿಯಾಕಿ, ಈಗ ಧಾರವಾಡದಾಗ

ತಂಗೀ, ನಾ ಪಿಎಚ್‌ಡಿ ಮುಗಿಸಾಕ ಏಳು ವರ್ಷ ಹಿಡೀತು, ನಡುವ ಮದುವಿ, ಒಂದು ಕೂಸು. ಎಲ್ಲಾರೂ ನಿನಗ ಪರೀಕ್ಷಾ, ಪಗಾರ ಅಂತ ಹೇಳಾಕತ್ತಾರ, ಗೈಡ್ ವಿಚಾರ ಯಾರೂ ಮುಟ್ಟವಲ್ರು. ನಿನ್ನ ಖರೇ ತ್ರಾಸು ಅದs ಐತಿ ಅಂತ ನನಗ ಅನಸ್ತದ. ಆರು ತಿಂಗಳಿಗೊಮ್ಮೆ ರಿಸರ್ಚ್ ಅಡ್ವೈಸರಿ ಕಮಿಟಿ ಮುಂದ ಪ್ರೋಗ್ರೆಸ್ ತೋರಿಸಬೇಕು ಅಂತ ಯುಜಿಸಿ ನಿಯಮ ಐತಿ, ಅದನ್ನ ಬರೇ ಸಹಿ ಹಾಕೂ ಚಾ-ಬಿಸ್ಕೀಟ್ ಮೀಟಿಂಗ್ ಆಗಾಕ ಬಿಡಬ್ಯಾಡ. ಇಂಥಾ ಚಾಪ್ಟರ್ ಇಂಥಾ ತಾರೀಖಿಗೆ ಕೊಟ್ಟೀನಿ ಅಂತ ಮಿನಿಟ್ಸ್‌ನ್ಯಾಗ ಬರಸು. ಜಗಳ ಬ್ಯಾಡ, ದಾಖಲೆ ಇರಲಿ. ನನ್ನ ಗೈಡ್ ಎಂಟು ತಿಂಗಳು ಕಪಾಟಿನ್ಯಾಗ ಇಟ್ಟಿದ್ದ ಚಾಪ್ಟರು ಮಿನಿಟ್ಸ್‌ನ್ಯಾಗ ಬಂದ ಮ್ಯಾಲೆ ಮೂರು ವಾರದಾಗ ಹೊರಗ ಬಂತು.

ಇನ್ನೊಂದ್ ಮಾತು. ನಾ ಓದೂ ಮುಂದ ಹೆಣ್ಣಮಕ್ಕಳು ಗಣಿಯೊಳಗ ಇಳದು ಕೆಲಸಾ ಮಾಡೂ ಹಂಗ ಇರಲಿಲ್ಲ, 1952ರ ಮೈನ್ಸ್ ಆ್ಯಕ್ಟ್ ಬ್ಯಾಡ ಅಂತಿತ್ತು. ಆ ನೆವಾ ಹೇಳಿ ನನ್ನನ್ನ ಸ್ಯಾಂಪಲ್ ತರಾಕೂ ಇಳಸಲಿಲ್ಲ. ನನ್ನ ಸ್ಯಾಂಪಲ್ ಎಲ್ಲಾ ಬ್ಯಾರೇದವರು ಮ್ಯಾಲೆ ತಂದು ಕೊಟ್ಟದ್ದು, ಯಾವ ಗ್ವಾಡಿಯಿಂದ ಒಡದ್ರು ಅಂತ ಅವರು ಹೇಳಿದ್ದನ್ನs ನಂಬಬೇಕು. ಬೆಣಚುಕಲ್ಲಿನ ಪಟ್ಟಿ ಒಂದರ ಮ್ಯಾಲೊಂದು ನಾಕೈದು ಸರ್ತಿ ಒಡದು ತುಂಬಿರತಾವ, ಚಿನ್ನ ಬಂದದ್ದು ಯಾವುದರಾಗ ಅಂತ ಕಣ್ಣೀಲೆ ನೋಡದs ಹನಿ ಕಾಸಿ, ಹೆಪ್ಪುಗಟ್ಟಿಸಿ ಟೆಂಪರೇಚರ್ ಬರಕೊಂಡ್ರ ಏನ ಉಪಯೋಗ? ನನ್ನ ಥೀಸಿಸ್‌ನ್ಯಾಗ ಅರ್ಧಾ ಡೇಟಾ ಅದಕ್ಕs ಕೈಬಿಟ್ಟೆ. 2019ರಾಗ ಸರ್ಕಾರದವರು ನಿಯಮ ಸಡಲ ಮಾಡಿದ್ರು, ಟೆಕ್ನಿಕಲ್ ಮತ್ತ ಸೂಪರ್‌ವೈಸರಿ ಕೆಲಸಕ್ಕ ಮುಂಜಾನಿ 6ರಿಂದ ಸಂಜಿ 7ರ ತನಕ ಹೆಣ್ಣಮಕ್ಕಳೂ ಇಳೀಬಹುದು ಅಂತ ಆತು, ಆದ್ರ ಅವರ ಒಪ್ಪಿಗಿ ಬರವಣಿಗಿಯೊಳಗ ಬೇಕಿತ್ತು. ನೀ ಇಳದಿಯೇನು? ಇಳದಿಲ್ಲ ಅಂದ್ರ ಥೀಸಿಸ್ ಕೊಡೂಕಿಂತ ಮೊದಲ ಒಮ್ಮೆ ಪರ್ಮಿಶನ್ ತಗೊಂಡು ಇಳಿ.

ಹೆಸರು ಬೇಡ, ಪರ್ತ್, ಆಸ್ಟ್ರೇಲಿಯಾ

ನಾನು ದಾವಣಗೆರೆಯವನು, ಇಲ್ಲಿ ಬಂದು ಹದಿನೈದು ವರ್ಷ. ಆಫರ್ ಬಗ್ಗೆ ನನ್ನ ಅನುಭವ ಹೇಳ್ತೀನಿ. ಇಲ್ಲಿ ಅದಿರು ನಿಕ್ಷೇಪಗಳ ಸಂಶೋಧನೆ ಅಂದ್ರೆ ಕಂಪನಿ ದುಡ್ಡು, ಯೂನಿವರ್ಸಿಟಿ ತಲೆ. ಹೊಬಾರ್ಟ್‌ನಲ್ಲಿ ಕೋಡ್ಸ್ ಅಂತ ಅದಿರು ಸಂಶೋಧನಾ ಕೇಂದ್ರ ಇದೆ, 1989ರಿಂದ, ಇಲ್ಲಿ ಪರ್ತ್‌ನಲ್ಲಿ ಸಿಇಟಿ ಇದೆ (ನಮ್ಮ ಎಂಟ್ರೆನ್ಸ್ ಎಕ್ಸಾಮ್ ಅಲ್ಲ, ಸೆಂಟರ್ ಫಾರ್ ಎಕ್ಸ್‌ಪ್ಲೊರೇಶನ್ ಟಾರ್ಗೆಟಿಂಗ್), ಕೆನಡಾದ ಸಡ್ಬರಿ, ವ್ಯಾಂಕೂವರ್‌ನಲ್ಲೂ ಇಂಥ ಗುಂಪುಗಳಿವೆ. ಇಂಥ ಕಡೆ ಕೋರ್ ಲಾಗ್ ಮಾಡಿ (ಡ್ರಿಲ್ ಮಾಡಿ ತೆಗೆದ ಕಲ್ಲಿನ ಕಂಬ ನೋಡಿ ಎಲ್ಲಿ ಏನಿದೆ ಅಂತ ಬರೆದು) ಬಂದೋರಿಗೆ ಬೆಲೆ ಇದೆ. ನನ್ನ ಪೋಸ್ಟ್‌ಡಾಕ್ ಇಂಟರ್‌ವ್ಯೂನಲ್ಲಿ ಪೇಪರ್ ಎಷ್ಟು ಅನ್ನೋದಕ್ಕಿಂತ ಎಷ್ಟು ಮೀಟರ್ ಲಾಗ್ ಮಾಡಿದೀಯ ಅಂತ ಮೊದ್ಲು ಕೇಳಿದ್ರು.

ಹಾಗಂತ ಇಂಡಸ್ಟ್ರಿ ಸುಖ ಅಂದ್ಕೋಬೇಡಿ. ಎಂಟು ದಿನ ಸೈಟು, ಆರು ದಿನ ಮನೆ, ದಿನಕ್ಕೆ 12 ಗಂಟೆ, ನೊಣ. ಲೋಹದ ಬೆಲೆ ಬಿದ್ರೆ ಮೊದ್ಲು ಮನೆಗೆ ಕಳ್ಸೋದು ಎಕ್ಸ್‌ಪ್ಲೊರೇಶನ್‌ನೋರನ್ನೇ, ಯಾಕಂದ್ರೆ ನಾವು ಖರ್ಚು, ಆದಾಯ ಅಲ್ಲ. 2015ರಲ್ಲಿ ನನ್ನನ್ನ ಒಂದು ಮಂಗಳವಾರ ಬೆಳಿಗ್ಗೆ ಕಳ್ಸಿದ್ರು, ಮಧ್ಯಾಹ್ನದ ಫ್ಲೈಟು. 2024ರಲ್ಲಿ ಇಂಡೋನೇಷ್ಯಾದ ನಿಕ್ಕಲ್ ಬಂದು ಬೆಲೆ ಕುಸಿದಾಗ ಬಿಎಚ್‌ಪಿಯಂಥ ದೊಡ್ಡ ಗಣಿ ಕಂಪನಿಯೇ ಇಲ್ಲಿನ ನಿಕ್ಕಲ್ ವೆಸ್ಟ್ ಕೆಲಸ ನಿಲ್ಲಿಸ್ತು. ಈಗ ಇಂಡಿಯಾದಲ್ಲಿ ಕ್ರಿಟಿಕಲ್ ಮಿನರಲ್ ಮಿಷನ್, ಸರ್ಕಾರದ್ದೇ 16,300 ಕೋಟಿ ಅಂತ ಗಾಳಿ ಎದ್ದಿದೆ, ಗಾಳಿ ಇರೋವಾಗ ತೂರ್ಕೋಬೇಕು ನಿಜ, ಆದ್ರೆ ಥೀಸಿಸ್ ಅರ್ಧಕ್ಕೆ ಬಿಟ್ಟು ಹೋದ ನನ್ನ ಬ್ಯಾಚಿನ ಮೂವರಲ್ಲಿ ಒಬ್ರೂ ವಾಪಸ್ ಬಂದು ಮುಗಿಸಿಲ್ಲ. ಸೇರೋದು ಹತ್ತು ತಿಂಗಳು ಮುಂದಕ್ಕೆ ಹಾಕೋಕಾಗುತ್ತಾ ಅಂತ ಏಜೆನ್ಸಿಯೋರನ್ನ ಕೇಳಿ, ಕೇಳೋಕೆ ದುಡ್ಡಿಲ್ಲ. ಆಮೇಲೆ ಕಾಂಟ್ರ್ಯಾಕ್ಟಲ್ಲಿ ಡೇಟಾ ಪಬ್ಲಿಷ್ ಮಾಡೋ ಬಗ್ಗೆ ಏನಿದೆ ಓದಿ, ಎರಡು ವರ್ಷ ಡ್ರಿಲ್ ಕೋರ್ ನೋಡಿ ಒಂದು ಸಾಲೂ ಬರೆಯೋ ಹಾಗಿಲ್ಲ ಅಂದ್ರೆ ನಿಮ್ಮ ಅಕಾಡೆಮಿಕ್ ಕನಸಿಗೆ ಅದರಿಂದ ಏನೂ ಬರಲ್ಲ.

ಸೊಸೈಟಿ ಆಫ್ ಎಕನಾಮಿಕ್ ಜಿಯಾಲಜಿಸ್ಟ್ಸ್‌ನಲ್ಲಿ ಸ್ಟೂಡೆಂಟ್ ಮೆಂಬರ್ ಆಗಿ, ರಿಸರ್ಚ್ ಗ್ರ್ಯಾಂಟ್ ಕೊಡ್ತಾರೆ. ಇದನ್ನ ನಮ್ಮ ಕಡೆ ಮಕ್ಕಳು ಅಪ್ಲೈ ಮಾಡೋದೇ ಇಲ್ಲ, ಗೈಡ್ ಹೇಳಿರಲ್ಲ.

ಜಿಯಾಲಜಿ ಬಿಟ್ಟವನು, ಬೆಂಗಳೂರು

ಎಲ್ಲರೂ ದೊಡ್ಡದಾಗಿ ಬರೀತಾರೆ, ನಾನು ಎರಡೇ ಸಾಲು. ಎಮ್ಮೆಸ್ಸಿ ಆದ್ಮೇಲೆ ಬಿಟ್ಟು ಡೇಟಾ ಅನಲಿಟಿಕ್ಸ್‌ಗೆ ಬಂದೆ, ಸಂಬಳ ಚೆನ್ನಾಗಿದೆ, ಪಶ್ಚಾತ್ತಾಪ ಇಲ್ಲ. ಆದ್ರೂ ಶನಿವಾರ ರಾತ್ರಿ ಸುಮ್ನೆ ಕೂತು ನ್ಯಾಷನಲ್ ಜಿಯೋಸೈನ್ಸ್ ಡೇಟಾ ರೆಪಾಸಿಟರಿಯಿಂದ ಗದಗ ಕಡೆಯ ಜಿಯೋಕೆಮಿಸ್ಟ್ರಿ ಇಳಿಸ್ಕೊಂಡು ಪೈಥಾನ್‌ನಲ್ಲಿ ಮ್ಯಾಪ್ ಮಾಡ್ತಾ ಇರ್ತೀನಿ. ಹೆಂಡತಿ ಕೇಳ್ತಾಳೆ ಇದಕ್ಯಾರು ದುಡ್ಡು ಕೊಡ್ತಾರೆ ಅಂತ.

ಹಟ್ಟಿ ಕ್ಯಾಂಪಿನಿಂದ

ನಾನೂ ಗಣಿ ಕೆಲಸದವನ ರೀ, ನಿಮ್ಮ ಅಪ್ಪಾರು ನನಗ ಗೊತ್ತಿದ್ರೂ ಇರಬಹುದು. ಪಿಎಚ್‌ಡಿ ಮಾಡೋರು ಬರ್ತಾರ, ಓಕ್ಲೀಸ್ ರೀಫ್, ಮಿಡಲ್ ರೀಫ್, ಝೋನ್ ಒನ್ ಅಂತ ಇಲ್ಲಿನ ಚಿನ್ನದ ಪಟ್ಟಿಗಳ ಹೆಸರು ಚೀಟ್ಯಾಗ ಬರದು ಕಲ್ಲು ಚೀಲಕ್ಕ ಹಾಕ್ಕೊಂಡು ಹೋಗ್ತಾರ, ಆಮ್ಯಾಗ ಏನಾತಂತ ನಮಗ ಯಾರೂ ತಿರುಗಿ ಬಂದು ಹೇಳಂಗಿಲ್ಲ. ಹಳೇ ಕಾಲದವರು ಯಂತ್ರ ಇಲ್ಲದ, ಬೆಂಕಿ ಹಚ್ಚಿ ಕಲ್ಲು ಸೀಳಿ ನೂರಾರು ಅಡಿ ಕೆಳಗ ಹೋಗಿದ್ರಂತ, ಅವರ ಗುಂಡಿ ಈಗೂ ಸಿಗ್ತಾವ. ಅವರಿಗೆ ಚಿನ್ನ ಇಲ್ಲೇ ಐತಿ ಅಂತ ಹೆಂಗ ಗೊತ್ತಾತು, ನಿಮ್ಮ ಆ ನೀರಿನ ಹನಿ ಅದನ್ನೇನಾರ ಹೇಳ್ತದೇನ್ರಿ? ಪಿಎಚ್‌ಡಿ ಬಿಡ್ರಿ, ಬಿಡಬ್ಯಾಡ್ರಿ, ಅದು ನಿಮ್ಮ ಮನಿ ವಿಚಾರ. ಮುಗದ್ರ ಮಾತ್ರ ಒಂದು ಐತವಾರ ಇಲ್ಲಿ ಬಂದು ನಮಗ ಕನ್ನಡದಾಗ ಹೇಳ್ರಿ, ಚಾ ನಾ ಮಾಡಸ್ತೀನಿ.