ಜೆಲ್‌ನಲ್ಲಿ ಒಂದೇ ಬ್ಯಾಂಡ್ ಇದ್ದರೆ ಎಫ್‌ಎಬಿಪಿ4 ಶುದ್ಧ ಅನ್ನಬಹುದಾ?

ಕೋಶಪ್ರೇಮಿ: ಎಲ್ಲರಿಗೂ ನಮಸ್ಕಾರ. ಎಫ್‌ಎಬಿಪಿ4 ಅಂದರೆ ಕೊಬ್ಬಿನ ಕೋಶಗಳಲ್ಲಿ ಫ್ಯಾಟಿ ಆಸಿಡ್‌ಗಳನ್ನು ಹಿಡಿದು ಸಾಗಿಸುವ ಪ್ರೋಟೀನ್. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಾದ ಮನುಷ್ಯರ ಎಫ್‌ಎಬಿಪಿ4 ಕೊಂಡು ಮ್ಯಾಕ್ರೋಫೇಜ್‌ಗಳಿಗೆ (ಒಂದು ಬಗೆಯ ರೋಗನಿರೋಧಕ ಕೋಶಗಳಿಗೆ) ಹಾಕಿದೆವು, ಪ್ರತಿ ಮಿಲಿಗೆ 1 ಮೈಕ್ರೋಗ್ರಾಂನಂತೆ. ಟಿಎನ್‌ಎಫ್ (ಉರಿಯೂತದ ಸಂಕೇತ ಕೊಡುವ ಪ್ರೋಟೀನ್) ಚೆನ್ನಾಗಿ ಏರಿತು. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ 15 ಕಿಲೋಡಾಲ್ಟನ್ ಹತ್ತಿರ ಒಂದೇ ಬ್ಯಾಂಡ್ ಇದೆ. ಇದು ಪ್ರೋಟೀನಿನದೇ ಕೆಲಸ ಅಂತ ಬರೆಯಬಹುದು ಅಲ್ವಾ?

ಬೀಟಾಬ್ಯಾರೆಲ್: ದಯವಿಟ್ಟು ಈಗಲೇ ಬರೆಯಬೇಡಿ. ಜೆಲ್ ತೋರಿಸುವುದು ಬೇರೆ ಪ್ರೋಟೀನ್ ಇದೆಯಾ ಅನ್ನೋದನ್ನು ಮಾತ್ರ. ಇ. ಕೋಲೈನ ಹೊರಪೊರೆಯಿಂದ ಬರುವ ಎಂಡೋಟಾಕ್ಸಿನ್ (ರೋಗನಿರೋಧಕ ಕೋಶಗಳನ್ನು ಕೆರಳಿಸುವ ವಸ್ತು) ಜೆಲ್‌ನಲ್ಲಿ ಪ್ರೋಟೀನ್ ತೋರಿಸುವ ಕೂಮಾಸಿ ಬಣ್ಣಕ್ಕೆ ಸಿಗುವುದಿಲ್ಲ. ಲೇಬಲ್ ಮೇಲೆ ಅದರ ಮಿತಿ ಎಷ್ಟಿದೆ?

ಕೋಶಪ್ರೇಮಿ: ಪ್ರತಿ ಮೈಕ್ರೋಗ್ರಾಂಗೆ 1 ಇಯುಗಿಂತ (ಎಂಡೋಟಾಕ್ಸಿನ್ ಯೂನಿಟ್) ಕಡಿಮೆ ಅಂತ ಇದೆ. ಕಡಿಮೆಯೇ ಅಲ್ವಾ?

ಬೀಟಾಬ್ಯಾರೆಲ್: ಲೆಕ್ಕ ಹಾಕಿ ನೋಡಿ. 1 ಇಯು ಅಂದರೆ ಸುಮಾರು 100 ಪಿಕೋಗ್ರಾಂ. ನೀವು ಹಾಕಿದ ಪ್ರಮಾಣದಲ್ಲಿ ಪ್ರತಿ ಮಿಲಿಗೆ 100 ಪಿಕೋಗ್ರಾಂ ತನಕ ಎಂಡೋಟಾಕ್ಸಿನ್ ಇರಬಹುದು, ಮ್ಯಾಕ್ರೋಫೇಜ್ ಎಚ್ಚರಗೊಳ್ಳಲು ಅಷ್ಟೇ ಸಾಕು. ಎಚ್‌ಎಸ್‌ಪಿ70 ಅನ್ನೋ ಪ್ರೋಟೀನ್‌ಗೂ ಇದೇ ಆಗಿತ್ತು. ಅದು ಮ್ಯಾಕ್ರೋಫೇಜ್‌ಗಳಿಂದ ಟಿಎನ್‌ಎಫ್ ಹೊರಡಿಸುತ್ತದೆ ಅಂತ ಎಲ್ಲರೂ ನಂಬಿದ್ದರು, 2003ರಲ್ಲಿ ನೋಡಿದರೆ ಅದು ರೀಕಾಂಬಿನಂಟ್ (ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ) ಪ್ರೋಟೀನಿನ ಜೊತೆ ಬಂದ ಎಂಡೋಟಾಕ್ಸಿನ್‌ನ ಕೆಲಸ ಅಂತ ಗೊತ್ತಾಯಿತು.

ನೀಲಿಬಫರ್: ಇದನ್ನು ಪರೀಕ್ಷಿಸೋದು ಕಷ್ಟವಲ್ಲ. ಒಂದು ಭಾಗ ಚೆನ್ನಾಗಿ ಕುದಿಸಿ ಹಾಕಿ. ಪ್ರೋಟೀನ್ ಹಾಳಾಗುತ್ತದೆ, ಎಂಡೋಟಾಕ್ಸಿನ್ ಕುದಿಸಿದರೂ ಹೋಗುವುದಿಲ್ಲ (ಗಾಜಿನ ಸಾಮಾನಿನಿಂದ ತೆಗೆಯೋದಕ್ಕೇ 250 ಡಿಗ್ರಿ ಒಣ ಶಾಖ ಬೇಕು). ಕುದಿಸಿದ್ದರಲ್ಲೂ ಟಿಎನ್‌ಎಫ್ ಏರಿದರೆ ಉತ್ತರ ಸಿಕ್ಕಿತು. ಇನ್ನೊಂದು ಭಾಗಕ್ಕೆ ಎಂಡೋಟಾಕ್ಸಿನ್ ಹಿಡಿದು ತಡೆಯುವ ಪಾಲಿಮಿಕ್ಸಿನ್ ಬಿ ಸೇರಿಸಿ.

ಪಾಕೆಟ್_ಪಂಡಿತ: ನೀಲಿಬಫರ್ ಅವರೇ, ಬೇರೆ ಪ್ರೋಟೀನ್ ಆಗಿದ್ದರೆ ಒಪ್ಪುತ್ತಿದ್ದೆ. ಇದು ಲಿಪಿಡ್ (ಫ್ಯಾಟಿ ಆಸಿಡ್‌ನಂಥ ಕೊಬ್ಬಿನ ವಸ್ತು) ಹಿಡಿಯುವ ಪ್ರೋಟೀನ್ ಅನ್ನೋದನ್ನು ಎಲ್ಲರೂ ಮರೆತೇಬಿಟ್ಟಿದ್ದೀರಿ. ಹತ್ತು ಬೀಟಾ ಎಳೆಗಳು ಸೇರಿ ಆದ ಪೀಪಾಯಿ, ಮೇಲೆ ಎರಡು ಹೆಲಿಕ್ಸ್‌ಗಳ ಮುಚ್ಚಳ, ಒಳಗೆ ಪಾಕೆಟ್. ಬ್ಯಾಕ್ಟೀರಿಯಾದೊಳಗೆ ತಯಾರಾಗುವಾಗಲೇ ಅಲ್ಲಿನ ಫ್ಯಾಟಿ ಆಸಿಡ್ ಅದರೊಳಗೆ ಸೇರಿಕೊಂಡಿರುತ್ತದೆ. ಅದನ್ನು ತೆಗೆಯದಿದ್ದರೆ ನೀವು ಕೋಶಕ್ಕೆ ಹಾಕಿದ್ದು ಪ್ರೋಟೀನ್ ಒಂದನ್ನೇ ಅಲ್ಲ, ಅದರ ಜೊತೆ ಲಿಪಿಡ್ ಅನ್ನೂ. ಕುದಿಸಿದರೆ ಪೀಪಾಯಿ ಬಿಚ್ಚಿಕೊಂಡು ಆ ಲಿಪಿಡ್ ಹೊರಗೆ ಬೀಳುತ್ತದೆ, ಆಗ ಟಿಎನ್‌ಎಫ್ ಏರಿದರೆ ಅದು ಎಂಡೋಟಾಕ್ಸಿನ್‌ನಿಂದಲೇ ಅಂತ ಹೇಗೆ ಹೇಳುತ್ತೀರಿ?

ನೀಲಿಬಫರ್: ಇಷ್ಟು ಸಣ್ಣ ಪ್ರಮಾಣದಲ್ಲಿ ಲಿಪಿಡ್ ಅಷ್ಟು ಕೆಲಸ ಮಾಡುತ್ತಾ? ಮಿಲಿಗೆ 1 ಮೈಕ್ರೋಗ್ರಾಂ ಅಂದರೆ ಸುಮಾರು 70 ನ್ಯಾನೋಮೋಲಾರ್, ಒಂದು ಪಾಕೆಟ್‌ಗೆ ಒಂದು ಫ್ಯಾಟಿ ಆಸಿಡ್ ಅಂದರೂ ಅಷ್ಟೇ. ಕೋಶಗಳಿಗೆ ಹಾಕುವ ಸೀರಮ್‌ನಲ್ಲೇ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ನನ್ನ ಅನುಮಾನ ಎಂಡೋಟಾಕ್ಸಿನ್ ಮೇಲೆಯೇ.

ಪಾಕೆಟ್_ಪಂಡಿತ: ಆ ಲೆಕ್ಕ ಸರಿ, ಟಿಎನ್‌ಎಫ್ ವಿಷಯದಲ್ಲಿ ನೀವು ಹೇಳೋದನ್ನು ಒಪ್ಪುತ್ತೇನೆ. ಆದರೆ ಬೈಂಡಿಂಗ್ (ಫ್ಯಾಟಿ ಆಸಿಡ್ ಹಿಡಿತ) ಅಳೆಯುವವರು ಇದನ್ನು ಬಿಡೋ ಹಾಗಿಲ್ಲ. ಎಎನ್‌ಎಸ್ ಅನ್ನೋ ಬಣ್ಣ ಪಾಕೆಟ್ ಒಳಗೆ ಹೋದರೆ ಜೋರಾಗಿ ಹೊಳೆಯುತ್ತದೆ, ಮೊದಲೇ ಅಲ್ಲಿ ಫ್ಯಾಟಿ ಆಸಿಡ್ ಕೂತಿದ್ದರೆ ಬಣ್ಣಕ್ಕೆ ಜಾಗವಿಲ್ಲ, ಪ್ರೋಟೀನ್ ಕೆಟ್ಟಿದೆ ಅಂತ ಜನ ಸುಮ್ನೆ ಬಾಟಲಿ ಎಸೆಯುತ್ತಾರೆ. 37 ಡಿಗ್ರಿಯಲ್ಲಿ ಲಿಪಿಡ್ ಹಿಡಿದುಕೊಳ್ಳುವ ಲಿಪಿಡೆಕ್ಸ್ ಕಾಲಂ ಮೂಲಕ ಹಾಯಿಸಿದರೆ ಲಿಪಿಡ್ ಹೊರಗೆ ಬರುತ್ತದೆ.

ಕೋಶಪ್ರೇಮಿ: ಎಂಡೋಟಾಕ್ಸಿನ್ ತೆಗೆಯಲು ಟ್ರೈಟಾನ್ ಎಕ್ಸ್-114 ಅನ್ನೋ ಡಿಟರ್ಜೆಂಟ್ ಬಳಸುತ್ತಾರಲ್ಲ, ಅದನ್ನೇ ಮಾಡಲಾ?

ಪಾಕೆಟ್_ಪಂಡಿತ: ಮಾಡಬಹುದು, ಆದರೆ ಟ್ರೈಟಾನ್‌ಗೂ ಎಣ್ಣೆಯಂಥ ಬಾಲ ಇದೆ, ಪಾಕೆಟ್‌ನಲ್ಲಿ ಅದು ಉಳಿದರೆ ಇನ್ನೊಂದು ತೊಂದರೆ. ಮೊದಲು ಟ್ರೈಟಾನ್, ಆಮೇಲೆ ಲಿಪಿಡೆಕ್ಸ್. ಈ ಕ್ರಮ ತಿರುಗಿಸಬೇಡಿ.

ಬೀಟಾಬ್ಯಾರೆಲ್: ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಪ್ರೋಟೀನ್ ಎಂಡೋಟಾಕ್ಸಿನ್‌ಗೆ ಅಂಟಿಕೊಂಡಿದ್ದರೆ ಪರೀಕ್ಷೆ ಅದನ್ನು ಕಾಣದೆ ಹೋಗಬಹುದು. ಗೊತ್ತಿರುವಷ್ಟು ಎಂಡೋಟಾಕ್ಸಿನ್ ಬೆರೆಸಿ ಅಷ್ಟೂ ವಾಪಸ್ ಸಿಗುತ್ತಾ ಅಂತ ನೋಡಿ, ಇಲ್ಲದಿದ್ದರೆ ಆ ಸಂಖ್ಯೆಗೆ ಬೆಲೆಯೇ ಇಲ್ಲ.

ಹೊಸಬಳು: ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಕೆಲವು ಬಾಟಲಿಗಳಲ್ಲಿ ಪ್ರೋಟೀನ್ ಗಾಜಿಗೆ ಅಂಟದಿರಲಿ ಅಂತ ಅಲ್ಬುಮಿನ್ ಸೇರಿಸಿರುತ್ತಾರೆ. ಅಲ್ಬುಮಿನ್ ತಾನೇ ಫ್ಯಾಟಿ ಆಸಿಡ್ ಹಿಡಿಯುತ್ತದಲ್ಲ?

ಪಾಕೆಟ್_ಪಂಡಿತ: ತುಂಬಾ ಒಳ್ಳೆಯ ಪ್ರಶ್ನೆ. ಅಲ್ಬುಮಿನ್‌ನಲ್ಲಿ ಅಂಥ ಜಾಗಗಳು ಏಳು ಇವೆ, ಎಫ್‌ಎಬಿಪಿ4ರಲ್ಲಿ ಒಂದು. ಬೈಂಡಿಂಗ್ ಅಳೆಯಲು ಅಂಥ ಬಾಟಲಿ ಬೇಡವೇ ಬೇಡ. ಕೋಶಪ್ರೇಮಿ ಅವರದರಲ್ಲಿ ಇದ್ದಿದ್ದರೆ 66 ಕಿಲೋಡಾಲ್ಟನ್ ಹತ್ತಿರ ದಪ್ಪ ಬ್ಯಾಂಡ್ ಕಾಣುತ್ತಿತ್ತು.

ನೀಲಿಬಫರ್: ಎಂಡೋಟಾಕ್ಸಿನ್ ಮುಗಿದ ಮೇಲೆ ಆರ್126ಕ್ಯೂ ಮ್ಯೂಟಂಟ್ (ಒಂದು ಅಮೈನೋ ಆಸಿಡ್ ಬದಲಾದ ಎಫ್‌ಎಬಿಪಿ4) ಮಾಡಿಸಿ. 126ನೇ ಆರ್ಜಿನೈನ್ ಬದಲಾದರೆ ಫ್ಯಾಟಿ ಆಸಿಡ್ ಹಿಡಿತ ತಪ್ಪುತ್ತದೆ. ಎರಡನ್ನೂ ಒಂದೇ ರೀತಿ ಶುದ್ಧ ಮಾಡಿ, ಎರಡರ ಎಂಡೋಟಾಕ್ಸಿನ್ ಅಳೆದು ಸಮ ಇದೆ ಅಂತ ಖಚಿತವಾದ ಮೇಲೆ ಹೋಲಿಸಿ.

ಕೋಶಪ್ರೇಮಿ: ಸರಿ. ಈ ವಾರ ಕುದಿಸಿದ್ದು, ಪಾಲಿಮಿಕ್ಸಿನ್ ಹಾಕಿದ್ದು, ಬರೀ ಬಫರ್, ಮೂರನ್ನೂ ಒಂದೇ ಪ್ಲೇಟ್‌ನಲ್ಲಿ ಇಡುತ್ತೇವೆ. ಅಲ್ಲಿಯವರೆಗೆ ಟಿಎನ್‌ಎಫ್ ಗ್ರಾಫ್ ಯಾರಿಗೂ ಕಳಿಸುವುದಿಲ್ಲ.